ಬೇರುಗಂಟಿಗೆ ಆಮ್ಲಜನಕ ಮಾರಕವಾದರೆ, ನೀರು ನಿಂತ ಹೊಲದಲ್ಲಿ ತೊಗರಿ ಹಳದಿಯಾಗುವುದೇಕೆ?

ಎರೆಹೊಲ, ಚಿತ್ತಾಪುರ ತಾಲೂಕು (ಪ್ರಶ್ನೆ)

ಎಲ್ಲರಿಗೂ ಶರಣು.

ನಮ್ಮದು ಕಾಗಿಣಾ ನದಿಯ ಕಡೆಯ ಎರೆ ಭೂಮಿ. ಮುಂಗಾರಿಗೆ ತೊಗರಿ, ಅದರ ನಡುವೆ ಹೆಸರು ಇಲ್ಲವೇ ಉದ್ದಿನ ಸಾಲು, ಇದು ನಮ್ಮ ಮನೆಯಲ್ಲಿ ಹಿರಿಯರಿಂದ ಬಂದ ಪದ್ಧತಿ. ಈ ವರ್ಷ ಆಗಸ್ಟ್ ತಿಂಗಳ ಜಡಿಮಳೆಗೆ ಹೊಲದ ತಗ್ಗಿನ ಭಾಗದಲ್ಲಿ ನೀರು ನಿಂತಿತು, ಏರಿನ ಭಾಗದಲ್ಲಿ ನಿಲ್ಲಲಿಲ್ಲ. ನೀರು ಇಂಗಿದ ಮೇಲೆ ನೋಡಿದರೆ ತಗ್ಗಿನ ತೊಗರಿ ಕೆಳಗಿನ ಎಲೆಗಳಿಂದ ಆರಂಭವಾಗಿ ಹಳದಿಗೆ ತಿರುಗಿತ್ತು. ಏರಿನ ತೊಗರಿ ಕಡುಹಸಿರಾಗಿಯೇ ಇತ್ತು. ಬೀಜ, ಗೊಬ್ಬರ, ಬಿತ್ತಿದ ದಿನ ಎರಡೂ ಕಡೆಗೆ ಒಂದೇ ಆಗಿರುವುದರಿಂದ ವ್ಯತ್ಯಾಸ ನೀರಿನದ್ದೇ ಎಂದು ನಾನು ತಿಳಿದಿದ್ದೇನೆ.

ಎರಡೂ ಕಡೆಯ ಗಿಡಗಳನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ತೊಳೆದು, ಬೇರಿನ ಗಂಟುಗಳನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಏರಿನ ಗಿಡದ ಗಂಟುಗಳ ಒಳಗೆ ಒಳ್ಳೆಯ ಕೆಂಪು ಬಣ್ಣವಿತ್ತು. ಸೀಳಿದ ಬ್ಲೇಡಿಗೂ ಆ ಕೆಂಪು ಹತ್ತಿತು. ತಗ್ಗಿನ ಗಿಡದ ಗಂಟುಗಳಲ್ಲಿ ಕೆಲವು ಒಳಗೆ ಮಾಸಲು ಹಸಿರಾಗಿ ಮೆತ್ತಗಾಗಿದ್ದವು, ಇನ್ನು ಕೆಲವನ್ನು ಒತ್ತಿದರೆ ಒಳಗೆ ಏನೂ ಇಲ್ಲದೆ ಬರಿ ಸಿಪ್ಪೆ ಉಳಿದಿತ್ತು.

ಪಿಯುಸಿ ಎರಡನೇ ವರ್ಷದಲ್ಲಿ ವಿಜ್ಞಾನ ಓದುತ್ತಿರುವ ನನ್ನ ಮಗಳು ಇದನ್ನು ನೋಡಿ ಒಂದು ಮಾತು ಕೇಳಿದಳು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಎಂಬ ಕಿಣ್ವವು ಆಮ್ಲಜನಕ ತಾಗಿದರೆ ಕೆಡುತ್ತದೆ ಎಂದೂ, ಅದನ್ನು ಕಾಪಾಡಲು ಗಂಟಿನೊಳಗಿನ ಕೆಂಪು ಬಣ್ಣದ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೀರಿ ತೆಗೆಯುತ್ತದೆ ಎಂದೂ ಅವಳ ಪಠ್ಯದಲ್ಲಿದೆಯಂತೆ. ಹಾಗಿದ್ದರೆ ನೀರು ನಿಂತು ಮಣ್ಣಿನ ಗಾಳಿಯೆಲ್ಲ ಹೊರಗೆ ಹೋದಾಗ ಆ ಕಿಣ್ವಕ್ಕೆ ಅನುಕೂಲವೇ ಆಗಬೇಕಿತ್ತಲ್ಲವೇ, ತಗ್ಗಿನ ತೊಗರಿಯೇ ಹೆಚ್ಚು ಹಸಿರಾಗಬೇಕಿತ್ತಲ್ಲವೇ ಎಂಬುದು ಅವಳ ಪ್ರಶ್ನೆ. ಪರೀಕ್ಷೆಗೆ ಬರೆಯುವ ಎರಡು ಸಾಲಿನ ಉತ್ತರ ನಮಗೆ ಬೇಡ. ಗಂಟಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಸೂಕ್ಷ್ಮಜೀವಿ, ಬೀದರ (ಉತ್ತರ)

ಶರಣು. ಪದವಿ ತರಗತಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವನಾದ್ದರಿಂದ ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ನಿಮ್ಮ ಮಗಳ ತರ್ಕದಲ್ಲಿ ದೋಷವಿಲ್ಲ. ತೊಡಕಿರುವುದು "ಹೀರಿ ತೆಗೆಯುತ್ತದೆ" ಎಂಬ ಆ ಪಠ್ಯದ ಮಾತಿನಲ್ಲಿ. ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ತೆಗೆದು ಎಲ್ಲಿಗೂ ಎಸೆಯುವುದಿಲ್ಲ. ಅದನ್ನು ಗಂಟಿನೊಳಗೆ ವಾಸಿಸಿ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾಗಳ ಬಾಗಿಲಿಗೆ ಹೊತ್ತು ತಂದು ಕೊಡುತ್ತದೆ. ಇದೊಂದು ಸರಿಯಾದರೆ ಮಿಕ್ಕದ್ದೆಲ್ಲ ಜೋಡಣೆಯಾಗುತ್ತದೆ.

ಮೊದಲು ಕಿಣ್ವದ ವಿಷಯ. ನೈಟ್ರೋಜಿನೇಸ್ ಎಂಬುದು ಎರಡು ಪ್ರೋಟೀನುಗಳ ಜೋಡಿ. ಒಂದರಲ್ಲಿ ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಸೇರಿದ ಗುಚ್ಛವಿದೆ, ಇನ್ನೊಂದರಲ್ಲಿ ಅವುಗಳ ಜೊತೆಗೆ ಮಾಲಿಬ್ಡಿನಮ್ ಕೂಡ ಇದೆ. ಸಾರಜನಕದ ಅಣುವಿಗೆ ಎಲೆಕ್ಟ್ರಾನುಗಳನ್ನು ತುಂಬುವ ಕೆಲಸ ಈ ಗುಚ್ಛಗಳದ್ದು. ಆದರೆ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಈ ಗುಣವೇ ಅವುಗಳಿಗೆ ಮುಳುವಾಗಿದೆ, ಏಕೆಂದರೆ ಹತ್ತಿರದಲ್ಲಿ ಆಮ್ಲಜನಕವಿದ್ದರೆ ಅದೇ ಮೊದಲು ಬಂದು ಎಲೆಕ್ಟ್ರಾನನ್ನು ಕಸಿದು ಗುಚ್ಛವನ್ನು ಒಡೆದು ಹಾಕುತ್ತದೆ. ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಗಾಳಿಗೆ ಒಡ್ಡಿದಾಗ ಮೊದಲ ಪ್ರೋಟೀನು ಒಂದು ನಿಮಿಷ ತುಂಬುವುದರೊಳಗೆ ಅರ್ಧ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಎರಡನೆಯದು ಸುಮಾರು 10 ನಿಮಿಷ ತಾಳುತ್ತದೆ. ಹೀಗೆ ಕೆಟ್ಟ ಕಿಣ್ವ ಮತ್ತೆ ಸರಿಹೋಗುವುದಿಲ್ಲ, ಹೊಸದನ್ನೇ ಕಟ್ಟಬೇಕು.

ಇನ್ನು ಇದೇ ಕಿಣ್ವದ ಹಸಿವನ್ನು ನೋಡಿ. ಸಾರಜನಕದ ಎರಡು ಪರಮಾಣುಗಳ ನಡುವಿನ ಮೂರುಪಟ್ಟು ಬಂಧ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಕಾರ್ಖಾನೆಯಲ್ಲಿ ಯೂರಿಯಾಕ್ಕೆ ಬೇಕಾದ ಅಮೋನಿಯಾ ಮಾಡುವಾಗ ಅದನ್ನು ಬಿಡಿಸಲು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಯನ್ನೂ ನೂರಾರು ಪಟ್ಟು ವಾಯುಒತ್ತಡವನ್ನೂ ಬಳಸುತ್ತಾರೆ. ಬೇರುಗಂಟಿನಲ್ಲಿ ಅದೇ ಕೆಲಸ ಮಣ್ಣಿನ ಉಷ್ಣತೆಯಲ್ಲೇ ನಡೆಯುತ್ತದೆಯಾದರೂ, ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ (ಜೀವಕೋಶದಲ್ಲಿ ಶಕ್ತಿಯನ್ನು ಹೊತ್ತು ಕೊಡುವ ವಸ್ತು) ಅಣುಗಳ ಶಕ್ತಿ ಮತ್ತು 8 ಎಲೆಕ್ಟ್ರಾನುಗಳು ಖರ್ಚಾಗುತ್ತವೆ. ಅದರಲ್ಲಿ ಎರಡು ಎಲೆಕ್ಟ್ರಾನುಗಳು ಜಲಜನಕವಾಗಿ ಪೋಲಾಗುವುದು ಬೇರೆ. ಈ ಎಟಿಪಿ ಬರುವುದು ಉಸಿರಾಟದಿಂದ. ಎಲೆಯಿಂದ ಇಳಿದು ಬಂದ ಸಕ್ಕರೆಯನ್ನು ಗಿಡವು ಮುಖ್ಯವಾಗಿ ಮ್ಯಾಲಿಕ್ ಆಮ್ಲದ ರೂಪದಲ್ಲಿ ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತದೆ, ಅವು ಅದನ್ನು ಆಮ್ಲಜನಕದ ಸಹಾಯದಿಂದ ಉರಿಸಿ ಎಟಿಪಿ ಮಾಡಿಕೊಳ್ಳುತ್ತವೆ. ಒಂದು ಗ್ಲೂಕೋಸ್ ಅಣುವನ್ನು ಆಮ್ಲಜನಕದೊಂದಿಗೆ ಪೂರ್ತಿ ಉರಿಸಿದರೆ 30ರ ಆಸುಪಾಸು ಎಟಿಪಿ ಸಿಗುತ್ತದೆ, ಆಮ್ಲಜನಕವಿಲ್ಲದೆ ಹುಳಿಸಿದರೆ ಸಿಗುವುದು ಎರಡೇ ಎರಡು. ಅಂದರೆ ಆಮ್ಲಜನಕವಿದ್ದರೆ ಕಿಣ್ವ ಉಳಿಯುವುದಿಲ್ಲ, ಇಲ್ಲದಿದ್ದರೆ ಅದಕ್ಕೆ ಕೂಲಿ ಕೊಡಲು ಶಕ್ತಿ ಹುಟ್ಟುವುದಿಲ್ಲ.

ಈ ಇಕ್ಕಟ್ಟಿನಿಂದ ಗಂಟು ಪಾರಾಗುವ ಬಗೆಯೇ ಇಲ್ಲಿನ ಸೊಗಸು. ಅದು ಆಮ್ಲಜನಕದ ಹರಿವನ್ನು ತಡೆಯುವುದಿಲ್ಲ, ಬಿಡಿಯಾಗಿ ತಿರುಗಾಡುವ ಆಮ್ಲಜನಕವನ್ನು ಮಾತ್ರ ತಡೆಯುತ್ತದೆ. ಗಂಟಿನ ಹೊರತೊಗಟೆಯ ಒಳಗೆ, ಕೆಂಪು ಭಾಗವನ್ನು ಸುತ್ತುವರಿದು, ಒತ್ತೊತ್ತಾಗಿ ಕೂತ ಜೀವಕೋಶಗಳ ಒಂದು ಪದರವಿದೆ. ಅಲ್ಲಿ ಕೋಶಗಳ ನಡುವಿನ ಗಾಳಿಸಂದು ಬಹಳ ಕಡಿಮೆ, ಇದ್ದ ಸಂದುಗಳಲ್ಲೂ ನೀರು ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ಆಮ್ಲಜನಕ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಅಷ್ಟು ತೆಳುವಾದ ಪದರವೂ ದೊಡ್ಡ ತಡೆಯಾಗುತ್ತದೆ. 1974ರಲ್ಲಿ ಸೋಯಾ ಗಂಟುಗಳೊಳಗೆ ಕೂದಲಿಗಿಂತ ಸಣ್ಣ ವಿದ್ಯುದಗ್ರವನ್ನು ತೂರಿಸಿ ಅಳೆದಾಗ, ಹೊರತೊಗಟೆಯಲ್ಲಿ ಹೇರಳವಾಗಿದ್ದ ಆಮ್ಲಜನಕ ಈ ಪದರ ದಾಟಿದ ಕೂಡಲೇ ಥಟ್ಟನೆ ಕುಸಿದದ್ದು ಕಂಡುಬಂದಿತು. ಮುಖ್ಯ ಸಂಗತಿಯೆಂದರೆ ಈ ತಡೆ ಗೋಡೆಯಂತೆ ಸ್ಥಿರವಲ್ಲ. ಸಂದುಗಳಿಗೆ ನೀರು ತುಂಬಿಸಿ ಅಥವಾ ತೆಗೆದು, ಗಿಡವು ನಿಮಿಷಗಳ ಲೆಕ್ಕದಲ್ಲಿ ಅದನ್ನು ಬಿಗಿ ಮಾಡಬಲ್ಲದು, ಸಡಿಲವೂ ಮಾಡಬಲ್ಲದು.

ತಡೆಯನ್ನು ದಾಟಿ ಒಳಗೆ ಬಂದ ಆಮ್ಲಜನಕವನ್ನು ಲೆಗ್‌ಹಿಮೋಗ್ಲೋಬಿನ್ ಹಿಡಿದುಕೊಳ್ಳುತ್ತದೆ. ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ತುಂಬಿದ ಕೊಡವನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ಊರಲ್ಲಿ ನೋಡಿರುತ್ತೀರಿ. ಮನೆಗೆ ನೀರು ಧಾರಾಳವಾಗಿ ಬಂದು ಬೀಳುತ್ತಿದ್ದರೂ ದಾರಿಯ ನೆಲ ಒದ್ದೆಯಾಗುವುದಿಲ್ಲ. ಗಂಟಿನಲ್ಲಿ ನಡೆಯುವುದೂ ಇದೇ. ಲೆಗ್‌ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಆಮ್ಲಜನಕವು ಬಿಡಿ ಆಮ್ಲಜನಕಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚಿರುತ್ತದೆ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಆಮ್ಲಜನಕದ ಸಾಂದ್ರತೆ ಸುಮಾರು 250 ಮೈಕ್ರೊಮೋಲಾರ್ ಇದ್ದರೆ, ಕೆಂಪು ಕೋಶಗಳ ಒಳಗೆ ಬಿಡಿಯಾಗಿರುವುದು 10 ನ್ಯಾನೊಮೋಲಾರ್ ಆಸುಪಾಸು, ಅಂದರೆ ಅದರ ಸುಮಾರು 25,000ದಲ್ಲಿ ಒಂದು ಪಾಲು ಮಾತ್ರ. ಇಷ್ಟು ತೆಳು ಪ್ರಮಾಣದಿಂದ ಉಸಿರಾಡುವುದು ಮಣ್ಣಿನಲ್ಲಿ ಬಿಡಿಯಾಗಿ ಬದುಕುವಾಗ ರೈಜೋಬಿಯಂ ಬಳಸುವ ಮಾಮೂಲು ಆಕ್ಸಿಡೇಸ್ ಕಿಣ್ವದಿಂದ ಆಗದ ಕೆಲಸ. ಹಾಗಾಗಿ ಗಂಟಿನೊಳಗೆ ಸೇರಿದ ಮೇಲೆ ಅದು ಆಮ್ಲಜನಕವನ್ನು ಬಹಳ ಬಿಗಿಯಾಗಿ ಹಿಡಿಯುವ ಬೇರೊಂದು ಆಕ್ಸಿಡೇಸನ್ನು ಕಟ್ಟಿಕೊಳ್ಳುತ್ತದೆ. ಅದನ್ನು ಯಾವಾಗ ಕಟ್ಟಬೇಕೆಂದು ತಿಳಿಯಲು ಬ್ಯಾಕ್ಟೀರಿಯಾದ ಪೊರೆಯಲ್ಲಿ ಫಿಕ್ಸ್-ಎಲ್ ಎಂಬ ಪ್ರೋಟೀನಿದೆ. ಅದಕ್ಕೆ ಆಮ್ಲಜನಕ ಅಂಟಿರುವವರೆಗೆ ಅದು ಸುಮ್ಮನಿರುತ್ತದೆ, ಆಮ್ಲಜನಕ ಕಳಚಿದಾಗ ಸಾರಜನಕ ಸ್ಥಿರೀಕರಣದ, ಅಂದರೆ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ಕೆಲಸದ, ವಂಶವಾಹಿಗಳನ್ನು ಎಬ್ಬಿಸುತ್ತದೆ.

ಲೆಗ್‌ಹಿಮೋಗ್ಲೋಬಿನ್ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಮಾಡಿಯೂ ನೋಡಿದ್ದಾರೆ. ಸೋಯಾ ಗಂಟಿನ ಈ ಕೆಂಪು ವಸ್ತು ಹಿಮೋಗ್ಲೋಬಿನ್ ಜಾತಿಗೆ ಸೇರಿದ್ದೆಂದು ಜಪಾನಿನ ಕುಬೊ 1939ರಲ್ಲೇ ಗುರುತಿಸಿದ್ದರು. ಆದರೆ ಅದರ ವಂಶವಾಹಿಗಳನ್ನು ಅದುಮಿ ನೋಡಿದ್ದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ. ಲೋಟಸ್ ಜಪೋನಿಕಸ್ ಎಂಬ ದ್ವಿದಳ ಗಿಡದಲ್ಲಿ ಹೀಗೆ ಮಾಡಿದಾಗ ಗಂಟುಗಳೇನೋ ಮೂಡಿದವು, ಆದರೆ ಕೆಂಪೇರಲಿಲ್ಲ. ಒಳಗಿನ ಬಿಡಿ ಆಮ್ಲಜನಕ ಏರಿತು, ಎಟಿಪಿಯ ಪ್ರಮಾಣ ಇಳಿಯಿತು, ನೈಟ್ರೋಜಿನೇಸ್ ಪ್ರೋಟೀನು ಕಾಣೆಯಾಯಿತು. ಮಣ್ಣಿನಲ್ಲಿ ಸಾರಜನಕ ಗೊಬ್ಬರ ಕೊಟ್ಟಾಗ ಅದೇ ಗಿಡಗಳು ಚೆನ್ನಾಗಿಯೇ ಬೆಳೆದವು. ಬಿಡಿ ಆಮ್ಲಜನಕ ಏರುವುದೂ ಶಕ್ತಿ ಇಳಿಯುವುದೂ ಒಟ್ಟಿಗೆ ನಡೆದದ್ದನ್ನು ನಿಮ್ಮ ಮಗಳಿಗೆ ಒತ್ತಿ ಹೇಳಿ. ಕೇವಲ ಹೀರಿ ತೆಗೆಯುವ ವಸ್ತುವಾಗಿದ್ದರೆ ಅದು ಇಲ್ಲದಾಗ ಉಸಿರಾಟಕ್ಕೆ ಆಮ್ಲಜನಕ ಹೆಚ್ಚೇ ಸಿಗಬೇಕಿತ್ತು.

ಈಗ ನಿಮ್ಮ ತಗ್ಗಿನ ಹೊಲ. ನೀರು ನಿಂತಾಗ ಮಣ್ಣಿನ ರಂಧ್ರಗಳ ಗಾಳಿ ಹೊರಬೀಳುತ್ತದೆ, ಉಳಿದ ಅಷ್ಟಿಷ್ಟು ಆಮ್ಲಜನಕವನ್ನು ಮಣ್ಣಿನ ಇತರ ಜೀವಿಗಳೂ ಬೇರುಗಳೂ ಬೇಗ ಮುಗಿಸುತ್ತವೆ, ಮೇಲಿನಿಂದ ಹೊಸದು ನೀರಿನ ಮೂಲಕ ಇಳಿಯಬೇಕಾದರೆ ಆಗಲೇ ಹೇಳಿದ 10,000 ಪಟ್ಟಿನ ನಿಧಾನ. ಗಂಟು ತನ್ನ ತಡೆಯನ್ನು ಎಷ್ಟೇ ಸಡಿಲಿಸಿದರೂ ಹೊರಗೇ ಇಲ್ಲದ್ದು ಒಳಗೆ ಬರುವುದಿಲ್ಲ. ಲೆಗ್‌ಹಿಮೋಗ್ಲೋಬಿನ್‌ಗೆ ಹೊರಲು ಏನೂ ಸಿಗದೆ ಎಟಿಪಿ ಕೆಲವೇ ಗಂಟೆಗಳಲ್ಲಿ ಇಳಿದು ಸ್ಥಿರೀಕರಣ ನಿಲ್ಲುತ್ತಾ ಬರುತ್ತದೆ. ಕಿಣ್ವವು ಆಮ್ಲಜನಕದಿಂದ ಸುರಕ್ಷಿತವಾಗಿದೆ ನಿಜ, ಆದರೆ ಉಪವಾಸ ಬಿದ್ದಿದೆ. ಜೊತೆಗೆ ನೆನೆದ ಬೇರಿನಲ್ಲಿ ಎಥಿಲೀನ್ ಅನಿಲ ಕೂಡಿಕೊಳ್ಳುತ್ತದೆ, ಅದು ಹೊಸ ಗಂಟುಗಳು ಮೂಡುವುದನ್ನೂ ತಡೆಯುತ್ತದೆ. ಈ ಸ್ಥಿತಿ ದಿನಗಟ್ಟಲೆ ಮುಂದುವರಿದರೆ ಗಿಡವು ಗಂಟನ್ನು ಸಾಕುವುದನ್ನೇ ಬಿಡುತ್ತದೆ. ಆಗ ಲೆಗ್‌ಹಿಮೋಗ್ಲೋಬಿನ್‌ಗೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಭಾಗ ಒಡೆದು ಹಸಿರು ಬಣ್ಣಕ್ಕೆ ತಿರುಗುತ್ತದೆ. ನೀವು ಕಂಡ ಮಾಸಲು ಹಸಿರು ಅದೇ. ಸಿಪ್ಪೆಯಾಗಿ ಉಳಿದ ಗಂಟುಗಳ ಕಾರಣ ಬೇರೆ ಇರಬೇಕೆಂದು ನನ್ನ ಅಂದಾಜು. ಹೊಲದಲ್ಲಿ ಕೆಲಸ ಮಾಡಿದವರು ಹೇಳಲಿ.

ಭಾಲ್ಕಿ ಸೋಯಾ (ಉತ್ತರ)

ಮಾಸ್ತರು ಗಂಟಿನ ಒಳಗಿನದ್ದನ್ನು ಹೇಳಿದ್ದಾರೆ, ನಾನು ಹೊರಗಿನದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಮುಂಗಾರಿಗೆ ಸೋಯಾ ಮತ್ತು ಉದ್ದು, ಸೋಯಾದ ನಡುವೆ ತೊಗರಿ. ಕೃಷಿ ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ಗಂಟು ಸೀಳಿ ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಅಣ್ಣಾವರೇ, ಬರಿ ಸಿಪ್ಪೆಯಾದ ಗಂಟುಗಳನ್ನು ಇನ್ನೊಮ್ಮೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಪಕ್ಕದಲ್ಲಿ ಒಂದು ಪುಟ್ಟ ತೂತಿದ್ದು ಒಳಗೆ ಮಣ್ಣು ಸೇರಿಕೊಂಡಿದ್ದರೆ ಅದು ರಿವೆಲಿಯಾ ಎಂಬ ನೊಣದ ಮರಿಹುಳುವಿನ ಕೆಲಸ. ಈ ನೊಣ ತೊಗರಿಯ ಬುಡದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಗಂಟಿನೊಳಗೆ ಹೊಕ್ಕು ಕೆಂಪು ತಿರುಳನ್ನೆಲ್ಲ ತಿಂದು ಸಿಪ್ಪೆಯನ್ನು ಬಿಟ್ಟು ಹೋಗುತ್ತದೆ. ನಮ್ಮ ಹೈದರಾಬಾದ್ ರಸ್ತೆಯಲ್ಲೇ ಇರುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಒಣಪ್ರದೇಶದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದನ್ನು ಬಹಳ ಹಿಂದೆಯೇ ಅಧ್ಯಯನ ಮಾಡಿದ್ದು, ಕೆಂಪು ಮಣ್ಣಿಗಿಂತ ಎರೆ ಮಣ್ಣಿನಲ್ಲಿ ಇದರ ಹಾವಳಿ ಹೆಚ್ಚೆಂದು ಕಂಡುಕೊಂಡಿದ್ದಾರೆ. ಆದ್ದರಿಂದ ಹಸಿರಾದ ಗಂಟಿಗೆ ನೀರನ್ನೂ ಸಿಪ್ಪೆಯಾದ ಗಂಟಿಗೆ ಹುಳುವನ್ನೂ ಹೊಣೆ ಮಾಡಿ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

ಹಳದಿ ಬಣ್ಣವನ್ನೂ ಹಾಗೆಯೇ ಬಿಡಿಸಿ ನೋಡಬೇಕಾಗುತ್ತದೆ. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಗಳಿಂದ ಅದನ್ನು ಕಿತ್ತು ಚಿಗುರಿಗೆ ಸಾಗಿಸುತ್ತದೆ, ಆದ್ದರಿಂದ ಹಳದಿ ಕೆಳಗಿನಿಂದ ಏರುತ್ತದೆ, ಎಲೆಯಿಡೀ ಒಂದೇ ಸಮನಾಗಿ ಬಿಳಿಚುತ್ತದೆ. ನೀವು ಬರೆದದ್ದು ಇದಕ್ಕೆ ಹೊಂದುತ್ತದೆ. ಆದರೆ ಸುಣ್ಣದ ಹರಳಿರುವ ಎರೆ ಭೂಮಿಯಲ್ಲಿ ನೀರು ನಿಂತಾಗ ಕಬ್ಬಿಣವೂ ಬೇರಿಗೆ ದಕ್ಕದೆ ಹೋಗುತ್ತದೆ, ಆಗ ಹಳದಿ ಚಿಗುರಿನಲ್ಲಿ ಕಾಣುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಮ್ಮ ಸೋಯಾದಲ್ಲಿ ಇದು ಆಗಾಗ ಬರುತ್ತದೆ. ಲೆಗ್‌ಹಿಮೋಗ್ಲೋಬಿನ್‌ಗೂ ನೈಟ್ರೋಜಿನೇಸ್‌ಗೂ ಕಬ್ಬಿಣ ಬೇಕೇ ಬೇಕಾದ್ದರಿಂದ ಈ ಕೊರತೆ ಗಂಟಿಗೂ ತಟ್ಟುತ್ತದೆ. ಇನ್ನು ಬುಡದ ಹತ್ತಿರ ಕಾಂಡದ ಮೇಲೆ ಕಂದು ಮಚ್ಚೆ ಮೂಡಿ ಗಿಡ ಅಲ್ಲಿಗೇ ಮುರಿದು ಬೀಳುತ್ತಿದ್ದರೆ ಫೈಟಾಫ್ತೊರಾ ರೋಗವೆಂದೂ, ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಪ್ಪು ಗೆರೆ ಕಂಡರೆ ನೆಟೆ ರೋಗವೆಂದೂ ತಿಳಿಯಬೇಕು. ಇವೆರಡಕ್ಕೂ ಗಂಟಿನ ಉಸಿರಾಟಕ್ಕೂ ಸಂಬಂಧವಿಲ್ಲ.

ಗಂಟನ್ನು ಪರೀಕ್ಷಿಸುವ ಕ್ರಮದ ಬಗ್ಗೆ ಒಂದು ಮಾತು. ಗಿಡವನ್ನು ಕೈಯಿಂದ ಜಗ್ಗಿ ಕೀಳಬಾರದು, ಒಳ್ಳೆಯ ಗಂಟುಗಳೆಲ್ಲ ಮಣ್ಣಿನಲ್ಲೇ ಕಳಚಿ ಉಳಿಯುತ್ತವೆ. ನೀವು ಸಲಿಕೆ ಬಳಸಿದ್ದು ಸರಿಯಾದ ಕ್ರಮ. ಸೀಳಿದ ಕೂಡಲೇ ಬಣ್ಣ ನೋಡಬೇಕು, ಹೊತ್ತು ಕಳೆದರೆ ಗಾಳಿ ತಾಗಿ ಕೆಂಪು ಕಂದಾಗುತ್ತದೆ. ಒಳಗೆ ಬೆಳ್ಳಗಿರುವ ಸಣ್ಣ ಗಂಟು ಎಳೆಯದಾಗಿರಬಹುದು ಅಥವಾ ಮಣ್ಣಿನಲ್ಲಿದ್ದ ಕೆಲಸಕ್ಕೆ ಬಾರದ ರೈಜೋಬಿಯಂನಿಂದ ಆದದ್ದಾಗಿರಬಹುದು. ಬೆರಳಿನಿಂದ ಉಜ್ಜಿದರೆ ಕಳಚಿ ಬರುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡು ಕಳಚದೆ ಉಳಿದರೆ ಅದು ಜಂತುಹುಳುವಿನ ಬಾಧೆ, ಅದರಿಂದ ಗಿಡಕ್ಕೆ ನಷ್ಟವೇ ಹೊರತು ಲಾಭವಿಲ್ಲ.

ಪರಿಹಾರವೆಂದರೆ ನೀರು ಬಸಿಯುವ ದಾರಿಯೊಂದೇ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿದ ಮೇಲೆ ನೀರು ಇಂಗುವುದೂ ಗಾಳಿ ಇಳಿಯುವುದೂ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ, ತುಸು ವಾಲಿಕೆ ಕೊಟ್ಟು, ಅಗಲ ಮಡಿ ಮತ್ತು ಸಾಲು ಮಾಡಿ ಮಡಿಯ ಮೇಲೆ ಬಿತ್ತುವ ಪದ್ಧತಿಯನ್ನು ಇಕ್ರಿಸ್ಯಾಟ್‌ನವರು ಇಂಥ ಭೂಮಿಗೆಂದೇ ರೂಪಿಸಿದರು. ನಾವು ಸೋಯಾಕ್ಕೆ ಅದನ್ನು ಮಾಡುತ್ತೇವೆ. ಮಳೆ ಕಡಿಮೆಯಾದ ವರ್ಷ ಅದೇ ಸಾಲು ನೀರನ್ನು ಹಿಡಿದಿಡುತ್ತದೆ ಎಂಬುದು ನನ್ನ ಅನುಭವ, ಆದರೆ ತಗ್ಗಿನ ತುದಿಗೆ ನೀರು ಹೊರಹೋಗುವ ಕಾಲುವೆ ತೆಗೆಯದಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಮೇಲಿನವರ ಹೊಲದ ನೀರೂ ಬಂದು ನಿಮ್ಮ ಸಾಲಿನಲ್ಲೇ ಕೂಡುತ್ತದೆ.

ಎರೆಹೊಲ, ಚಿತ್ತಾಪುರ ತಾಲೂಕು

ಮಾಸ್ತರಿಗೂ ಅಕ್ಕನವರಿಗೂ ಅನಂತ ಶರಣು. ತೂತು ಇದೆ. ಸಿಪ್ಪೆಯಾದ ಗಂಟುಗಳಲ್ಲಿ ಹೆಚ್ಚಿನವಕ್ಕೆ ಇದೆ, ಒಂದರಲ್ಲಿ ಬಿಳಿಯ ಸಣ್ಣ ಹುಳುವೂ ಸಿಕ್ಕಿತು. ಚಿಗುರು ಹಸಿರಾಗಿಯೇ ಇದೆ, ಕಾಂಡದಲ್ಲಿ ಮಚ್ಚೆ ಇಲ್ಲ.

ಇನ್ನೆರಡು ಸಂದೇಹಗಳಿವೆ. ಮಗಳು ಕೇಳುವುದೇನೆಂದರೆ, ನಾವು ಎಡೆಕುಂಟೆ ಹೊಡೆದು ಮಣ್ಣು ಸಡಿಲ ಮಾಡಿದಾಗ ಆಮ್ಲಜನಕ ಒಮ್ಮೆಲೇ ಹೆಚ್ಚಾಗಿ ಕಿಣ್ವ ಕೆಡುವುದಿಲ್ಲವೇ? ನನ್ನದು ವ್ಯವಹಾರದ ಪ್ರಶ್ನೆ. ಗೊಬ್ಬರದ ಅಂಗಡಿಯವರು ಎಕರೆಗೆ ಒಂದು ಚೀಲ ಯೂರಿಯಾ ಎರಚಿದರೆ ಹಳದಿ ಹೋಗುತ್ತದೆ ಎನ್ನುತ್ತಿದ್ದಾರೆ. ಎರಚಬೇಕೇ?

ಸೂಕ್ಷ್ಮಜೀವಿ, ಬೀದರ

ಎಡೆಕುಂಟೆಯಿಂದ ಕಿಣ್ವ ಕೆಡುವ ಭಯವಿಲ್ಲ. ಬೇರಿನ ಸುತ್ತ ಆಮ್ಲಜನಕವನ್ನು ಬೇಕೆಂದೇ ಏರಿಸಿ ಪ್ರಯೋಗ ಮಾಡಿದಾಗ ಸ್ಥಿರೀಕರಣ ಮೊದಲು ಥಟ್ಟನೆ ಕುಸಿದರೂ, ಗಂಟು ತನ್ನ ತಡೆಯನ್ನು ಬಿಗಿ ಮಾಡಿಕೊಂಡ ಬಳಿಕ ಮತ್ತೆ ಚೇತರಿಸಿಕೊಂಡಿದೆ. ಮಣ್ಣು ಎಷ್ಟೇ ಸಡಿಲವಾದರೂ ಅದರೊಳಗಿನ ಆಮ್ಲಜನಕ ಹೊರಗಿನ ಗಾಳಿಯ ಶೇ. 21ನ್ನು ದಾಟಲಾರದು, ಗಂಟುಗಳು ಆ ಮಟ್ಟಕ್ಕೆ ಒಗ್ಗಿಕೊಂಡೇ ಹುಟ್ಟಿದವು.

ಇದೇ ತಡೆಯಿಂದಾಗಿ ಬರಗಾಲದಲ್ಲೂ ಒಂದು ತೊಂದರೆ ಬರುತ್ತದೆ, ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮಣ್ಣು ಒಣಗಿದಾಗ ಗಂಟಿನ ತಡೆ ತಾನಾಗಿ ಬಿಗಿಯುತ್ತದೆ. ಸುತ್ತಲೂ ಗಾಳಿ ಬೇಕಾದಷ್ಟಿದ್ದರೂ ಒಳಗೆ ಆಮ್ಲಜನಕ ಇಳಿಯುವುದು ಕಡಿಮೆಯಾಗುತ್ತದೆ. ಎಲೆ ಬಾಡುವುದಕ್ಕಿಂತ ಮುಂಚೆಯೇ ಸ್ಥಿರೀಕರಣ ತಗ್ಗುವುದಕ್ಕೆ ಇದೂ ಒಂದು ಕಾರಣ. ನಮ್ಮ ಎರೆ ಭೂಮಿ ಆಗಸ್ಟ್‌ನಲ್ಲಿ ನೆನೆದು ಅಕ್ಟೋಬರ್ ಕೊನೆಗೆ ಬಿರುಕು ಬಿಡುತ್ತದೆ. ತೊಗರಿಯ ಗಂಟು ಒಂದೇ ಹಂಗಾಮಿನಲ್ಲಿ ಎರಡು ಬಗೆಯ ಉಸಿರುಕಟ್ಟನ್ನು ಅನುಭವಿಸಬೇಕಾಗುತ್ತದೆ.

ಕಾಲುವೆ ಕಡೆ, ಶಹಾಪುರ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ನಮ್ಮದು ಭತ್ತದ ಗದ್ದೆ. ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರಕ್ಕೆಂದು ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುತ್ತೇವೆ. ಅದು ಮೊಣಕಾಲು ಮಟ್ಟದ ನೀರಿನಲ್ಲೂ ಕಡುಹಸಿರಾಗಿ ಬೆಳೆಯುತ್ತದೆ, ಬೇರಿನಲ್ಲಿ ಕೆಂಪು ಗಂಟುಗಳೂ ಇರುತ್ತವೆ. ಮಾಸ್ತರು ಹೇಳಿದ ನಿಯಮ ಅದಕ್ಕೇಕೆ ಅನ್ವಯಿಸುವುದಿಲ್ಲ? ಗದ್ದೆಯಲ್ಲಿ ತೇಲುವ ಅಜೋಲಾ ಎಂಬ ಸಣ್ಣ ಜರೀಗಿಡ ಕೂಡ ನೀರಿನ ಮೇಲೆಯೇ ಇದ್ದು ಸಾರಜನಕ ಹಿಡಿಯುತ್ತದಲ್ಲ?

ಸೂಕ್ಷ್ಮಜೀವಿ, ಬೀದರ

ನಿಯಮ ಡಯಾಂಚಕ್ಕೂ ಅದೇ, ಆದರೆ ಅದರ ಬಳಿ ತೊಗರಿಯ ಬಳಿ ಇಲ್ಲದ ಉಪಾಯವಿದೆ. ನೀರಿನಲ್ಲಿ ಮುಳುಗಿದ ಡಯಾಂಚದ ಕಾಂಡವನ್ನು ಬೆರಳಿನಿಂದ ಒತ್ತಿ ನೋಡಿ, ಬೆಂಡಿನ ಹಾಗೆ ಮೆತ್ತಗಿರುತ್ತದೆ. ಅದು ಗಾಳಿ ತುಂಬಿದ ಅಂಗಾಂಶ. ಎಲೆ ಮತ್ತು ಕಾಂಡದ ಮೂಲಕ ಇಳಿದ ಆಮ್ಲಜನಕ ಅದರ ಸಂದುಗಳಲ್ಲಿ ಹಾದು ಬೇರಿನವರೆಗೂ ತಲುಪುತ್ತದೆ. ನೀರಿನ ಮಟ್ಟದ ಹತ್ತಿರ ಕಾಂಡದಿಂದಲೇ ಹೊಸ ಬೇರುಗಳು ಹೊರಟು ಅವುಗಳ ಮೇಲೆ ಹೊಸ ಗಂಟುಗಳು ಕಟ್ಟುತ್ತವೆ. ಸೋಯಾ ಕೂಡ ನೀರು ನಿಂತಾಗ ಬುಡದಲ್ಲಿ ಇಂಥ ಬಿಳಿಯ ಸ್ಪಂಜಿನಂಥ ಅಂಗಾಂಶವನ್ನು ತಕ್ಕಮಟ್ಟಿಗೆ ಬೆಳೆಸಿಕೊಳ್ಳುತ್ತದೆ. ತೊಗರಿಗೆ ಈ ಸಾಮರ್ಥ್ಯ ಬಹಳ ಕಡಿಮೆ.

ಡಯಾಂಚದ ಬಳಗದಲ್ಲೇ ಸೆಸ್ಬೇನಿಯಾ ರೊಸ್ಟ್ರಾಟ ಎಂಬ ಆಫ್ರಿಕಾ ಮೂಲದ ಗಿಡವಿದೆ. ಅದು ಗಂಟುಗಳನ್ನು ಕಾಂಡದ ಮೇಲೆಯೇ ಸಾಲಾಗಿ ಕಟ್ಟಿಕೊಳ್ಳುತ್ತದೆ. ಆ ಗಂಟುಗಳ ಹೊರಪದರ ಹಸಿರಾಗಿದ್ದು ಬಿಸಿಲಿನಲ್ಲಿ ಆಮ್ಲಜನಕವನ್ನು ತಾನೇ ಹೊರಬಿಡುತ್ತದೆ. ಅದರ ಪಕ್ಕದಲ್ಲೇ, ಕೆಲವೇ ಕೋಶಗಳ ಆಚೆ, ಆಮ್ಲಜನಕ ತಾಳದ ಕಿಣ್ವ ಕೆಲಸ ಮಾಡುತ್ತಿರುತ್ತದೆ. ಅದರೊಳಗಿನ ಅಜೋರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಂಟಿನಿಂದ ಹೊರಗೆ ಬಿಡಿಯಾಗಿ ಬದುಕುವಾಗಲೂ ಸಾರಜನಕ ಹಿಡಿಯಬಲ್ಲದು, ಇದು ತೊಗರಿಯ ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಕಾಣದ ಗುಣ.

ಅಜೋಲಾದ ಕಥೆ ಬೇರೆ. ಅದರ ಎಲೆಯ ಗೂಡಿನಲ್ಲಿರುವುದು ನೀಲಿ-ಹಸಿರು ಪಾಚಿ. ಪಾಚಿಯ ಸರದಲ್ಲಿ ಅಲ್ಲಲ್ಲಿ ದಪ್ಪಗೋಡೆಯ ಕೋಶಗಳಿರುತ್ತವೆ, ಹೆಟೆರೊಸಿಸ್ಟ್ ಎಂದು ಅವುಗಳ ಹೆಸರು. ಅವು ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಹೊರಬೀಳುವ ಹಂತವನ್ನೇ ನಿಲ್ಲಿಸಿ, ಕೊಬ್ಬಿನ ಪದರದ ಗೋಡೆಯೊಳಗೆ ಕಿಣ್ವವನ್ನು ಇಟ್ಟುಕೊಳ್ಳುತ್ತವೆ. ಜೋಳಕ್ಕೆ ಜೈವಿಕ ಗೊಬ್ಬರವಾಗಿ ಕೊಡುವ ಅಜಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇನ್ನೂ ದುಂದುಗಾರ: ಒಳಗೆ ಬರುವ ಆಮ್ಲಜನಕವನ್ನೆಲ್ಲ ಬಿರುಸಿನ ಉಸಿರಾಟದಿಂದಲೇ ಮುಗಿಸಿ ಕಿಣ್ವವನ್ನು ಕಾಪಾಡುತ್ತದೆ. ಅದಕ್ಕೆ ಸುಡುವ ಇಂಗಾಲ ಎಷ್ಟೆಂದರೆ, ಸಾವಯವ ಅಂಶ ಕಡಿಮೆಯಿರುವ ನಮ್ಮ ಮಣ್ಣಿನಲ್ಲಿ ಅದರಿಂದ ದೊಡ್ಡ ಪ್ರಮಾಣದ ಸಾರಜನಕವನ್ನು ನಿರೀಕ್ಷಿಸುವುದು ನನ್ನ ದೃಷ್ಟಿಯಲ್ಲಿ ಅತಿಯಾಸೆ.

ಭಾಲ್ಕಿ ಸೋಯಾ

ಯೂರಿಯಾದ ಪ್ರಶ್ನೆ ಉಳಿದುಹೋಯಿತು. ಚೀಲಗಟ್ಟಲೆ ಎರಚುವುದು ಬೇಡ ಎಂಬುದು ನನ್ನ ಸಲಹೆ. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಬೇರಿಗೆ ನೈಟ್ರೇಟ್ ಸುಲಭವಾಗಿ ಸಿಕ್ಕರೆ ಗಿಡವು ಹೊಸ ಗಂಟು ಕಟ್ಟುವುದನ್ನು ನಿಲ್ಲಿಸುತ್ತದೆ, ಇದ್ದ ಗಂಟುಗಳಿಗೂ ಆಮ್ಲಜನಕ ಮತ್ತು ಸಕ್ಕರೆಯ ಪೂರೈಕೆಯನ್ನು ತಗ್ಗಿಸುತ್ತದೆ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕಿದ್ದರೆ 9 ಕಿಲೋ ಸಾರಜನಕ ಆಗಲೇ ಕೊಟ್ಟಂತಾಗಿದೆ, ಗಂಟು ಕೆಲಸ ಆರಂಭಿಸುವವರೆಗೆ ಅಷ್ಟು ಸಾಕು. ಅಲ್ಲದೆ ಇನ್ನೂ ಹಸಿಯಾಗಿರುವ ತಗ್ಗಿಗೆ ಎರಚಿದ ಯೂರಿಯಾದಲ್ಲಿ ಒಂದು ಪಾಲು, ನೈಟ್ರೇಟ್ ಆದ ಬಳಿಕ, ಗಾಳಿಯಿಲ್ಲದ ಮಣ್ಣಿನ ಬೇರೆ ಬ್ಯಾಕ್ಟೀರಿಯಾಗಳಿಂದ ಮತ್ತೆ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಮೊದಲು ನೀರು ಬಸಿದು, ಮಣ್ಣು ಹದಕ್ಕೆ ಬಂದ ಕೂಡಲೇ ಒಮ್ಮೆ ಎಡೆ ಹೊಡೆಯಿರಿ; ಕೆಸರಿನಲ್ಲಿ ಹೊಡೆದರೆ ಮಣ್ಣು ಹೆಂಟೆಗಟ್ಟಿ ಗಾಳಿಗೆ ಇನ್ನಷ್ಟು ಅಡ್ಡಿಯಾಗುತ್ತದೆ. ತೊಗರಿಗೆ ಇನ್ನೂ ಹೂವು ಬಂದಿಲ್ಲವಾದ್ದರಿಂದ ಹೊಸ ಬೇರೆಳೆಗಳ ಮೇಲೆ ಹೊಸ ಗಂಟುಗಳು ಮೂಡಲು ಕಾಲವಿದೆ, ಅವು ಕೆಂಪೇರಲು ಎರಡು ಮೂರು ವಾರ ಬೇಕಾಗುತ್ತದೆ. ಆವರೆಗೆ ಗಿಡ ತಾಳಿಕೊಳ್ಳಲೆಂದು ಹಳದಿಯಾದ ಭಾಗಕ್ಕೆ ಮಾತ್ರ ಲೀಟರ್ ನೀರಿಗೆ 20 ಗ್ರಾಂನಂತೆ ಯೂರಿಯಾ ಕಲಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಬಹುದು; ಇಷ್ಟರಿಂದ ಮಣ್ಣಿಗೆ ನೈಟ್ರೇಟ್ ಸೇರುವುದು ಅತ್ಯಲ್ಪ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಬೇಳೆಕಾಳು ಬೆಳೆಗಳ ಪೋಷಕಾಂಶ ಮಿಶ್ರಣ) ಸಿಂಪರಣೆಯನ್ನು ಈಗಲೇ ಕೊಡಬೇಡಿ, ಅದು ಹೂವಿನ ಹಂತಕ್ಕೆ ಮೀಸಲು.

ಮುಂದಿನ ಮುಂಗಾರಿಗೆ ಬೀಜೋಪಚಾರ ಮಾಡುವಾಗ ತೊಗರಿಗೆಂದು ಬರೆದ ರೈಜೋಬಿಯಂ ಪೊಟ್ಟಣವನ್ನೇ ಕೇಳಿ ತೆಗೆದುಕೊಳ್ಳಿ. ಕಡಲೆಯದ್ದು ಬೇರೆ ಜಾತಿ, ಅದು ತೊಗರಿಗೆ ಹತ್ತುವುದಿಲ್ಲ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಮೊದಲು ಅದನ್ನು ಹಚ್ಚಿ ಒಣಗಿಸಿ, ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂನ್ನು ಬಿತ್ತನೆಯ ದಿನವೇ ಕೊನೆಗೆ ಲೇಪಿಸಿ, ನೆರಳಿನಲ್ಲಿ ಆರಿಸಿ ತಡಮಾಡದೆ ಬಿತ್ತಬೇಕು. ಸದ್ಯಕ್ಕೆ ತಗ್ಗಿನಲ್ಲಿ ಒಂದು ಸಾಲಿಗೆ ಗುರುತಿನ ಕಡ್ಡಿ ನೆಟ್ಟು, ಎಡೆ ಹೊಡೆದ ಎರಡು ವಾರದ ಮೇಲೆ ಅಲ್ಲಿಂದ ಕೆಲವು ಗಿಡ ಎತ್ತಿ ಹೊಸ ಗಂಟುಗಳ ಒಳಬಣ್ಣ ಏನಿದೆ ಎಂದು ಇಲ್ಲಿ ಬರೆಯಿರಿ, ಎರಡನೇ ಸಿಂಪರಣೆ ಬೇಕೇ ಬೇಡವೇ ಎಂಬುದನ್ನು ಅದನ್ನು ನೋಡಿ ಹೇಳಬಹುದು.